ನಾಟಕಶಾಲೆಯ ಅಟ್ಟಕ್ಕೆ ಹೊಗೆ ಹಾಕಬೇಡಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ಬರುವ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ನಮ್ಮ ನಾಟಕಶಾಲೆಯ ಅಟ್ಟಕ್ಕೆ ಹೊಗೆ ಹಾಕಿ, ಅಲ್ಲಿರುವ ಸುಮಾರು ನಾನೂರು ಬಾವಲಿಗಳನ್ನು ಓಡಿಸಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಆದೇಶದಲ್ಲಿ ಅವುಗಳನ್ನು 'ಮೃತ್ಯುವಿನ ದೂತರು, ರಕ್ತಪಿಪಾಸುಗಳು, ರೋಗದ ರಣಕಹಳೆ ಊದುವ ಕರಾಳ ಸೈನ್ಯ' ಎಂದು ಬಣ್ಣಿಸಲಾಗಿದೆ. ಸರ್ಕಾರಿ ಕಾಗದದಲ್ಲಿ ಇಂಥ ಭಾಷೆಯೇ ಎಂದು ನನಗೆ ರೋಮಾಂಚನವಾಯಿತು. ಎರಡನೆಯ ಸಲ ಓದಿದಾಗ ಗೊತ್ತಾಯಿತು, ಅದು ನನ್ನದೇ ಭಾಷೆ! ಮೂರು ತಿಂಗಳ ಹಿಂದೆ ನಾನು ಕೊಟ್ಟ ದೂರನ್ನು ಒಂದಕ್ಷರ ಬಿಡದೆ ಎತ್ತಿ ಮೊಹರು ಒತ್ತಿದ್ದೀರಿ.

ಒಪ್ಪುತ್ತೇನೆ, ತಪ್ಪು ನನ್ನಿಂದಲೇ ಶುರುವಾಯಿತು. ಒಂದು ನಾಟಕದಲ್ಲಿ ಯುದ್ಧಕ್ಕೆ ಹೊರಟ ರಾಜನ ಕಿರೀಟದ ಮೇಲೆ ಬಾವಲಿಯ ಹಿಕ್ಕೆ ಬಿತ್ತು. ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಕಟ್ಟಡದ ಮೇಲ್ವಿಚಾರಕನಾದ ನನಗೆ ಮೈಯೆಲ್ಲ ಉರಿಯಿತು. ಹಿಕ್ಕೆ ಬೀಳುತ್ತಿದೆ, ಚಾವಣಿಯ ಸಂದು ಮುಚ್ಚಿಸಿ ಎಂದು ಬರೆದಿದ್ದರೆ ಸಾಕಿತ್ತು. ಆದರೆ ನಲವತ್ತು ವರ್ಷ ಬಣ್ಣ ಹಚ್ಚಿ ಗರ್ಜಿಸಿದ ಕಂಠ ಅಷ್ಟಕ್ಕೇ ಸುಮ್ಮನಾಗುತ್ತದೆಯೇ? ನಾನು ನಟ, ಉಬ್ಬಿಸಿ ಹೇಳುವುದೇ ನನ್ನ ಕಸುಬು. ತಾವು ವೈದ್ಯಶಾಸ್ತ್ರ ಓದಿದವರು. ಒಮ್ಮೆ ಏಣಿ ಹತ್ತಿ ನೋಡಬಾರದಿತ್ತೇ? ನೋಡಿದ್ದರೆ ಆ ಕರಾಳ ಸೈನ್ಯದ ಒಬ್ಬೊಬ್ಬ ಯೋಧನೂ ಹೆಬ್ಬೆರಳಿನಷ್ಟೇ ಇದ್ದಾನೆ, ತಿನ್ನುವುದು ಸೊಳ್ಳೆ ಮತ್ತು ಪತಂಗ ಎಂದು ತಿಳಿಯುತ್ತಿತ್ತು.

ಏಣಿ ಹತ್ತಿದವಳು ನನ್ನ ತಂಗಿಯ ಮಗಳು, ಪಶುವೈದ್ಯೆ. ಮೂರು ವರ್ಷದಿಂದ ವಾರಕ್ಕೆರಡು ಬೆಳಗ್ಗೆ ಕೈಗವಸು, ಮುಖಗವಸು ತೊಟ್ಟು, ಅಟ್ಟದ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಹಿಕ್ಕೆಯನ್ನು ಚಿಮಟದಿಂದ ಎತ್ತಿ ಶೀಶೆಗೆ ತುಂಬುತ್ತಾಳೆ. ಆಗೀಗ ಕೆಲವು ಬಾವಲಿಗಳನ್ನು ನಾಜೂಕಾಗಿ ಹಿಡಿದು, ಒಂದು ಹನಿ ರಕ್ತ ತೆಗೆದು ಬಿಡುತ್ತಾಳೆ. ಆ ಅಟ್ಟದಲ್ಲಿ ರಕ್ತಪಿಪಾಸು ಅಂತ ಯಾರಾದರೂ ಇದ್ದರೆ ಅವಳೊಬ್ಬಳೇ. ಇದೆಲ್ಲ ಯಾತಕ್ಕೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಮಾತು ಮುಗಿದರಲ್ಲವೇ ಇನ್ನೊಬ್ಬರದು ಕೇಳಲು!

ಆದೇಶ ಬಂದ ದಿನ ಅವಳು ಕಾಗದ ಹಿಡಿದು ಬಣ್ಣದ ಕೋಣೆಗೆ ನುಗ್ಗಿದಳು.

"ಮಾವ, ಈ ದೂರು ಬರ್ದಿದ್ದು ಯಾರು?"

"ಯಾಕಮ್ಮಾ, ಭಾಷೆ ಹೇಗಿದೆ?"

"ನಿಮ್ಮ ಭಾಷೆಗಿಷ್ಟು! ನನ್ನ ಮೂರು ವರ್ಷದ ಕೆಲಸ ಶನಿವಾರ ಹೊಗೆ ಆಗಿ ಹೋಗುತ್ತೆ."

"ಅವು ರೋಗ ತರ್ತವಂತಲ್ಲ?"

"ವೈರಸ್ ಇಟ್ಕೊಂಡಿರ್ತವೆ ಮಾವ, ಇಲ್ಲ ಅನ್ನಲ್ಲ. ಆದ್ರೆ ನಮ್ಮನ್ನ ಹಾಸಿಗೆ ಹಿಡಿಸೋ ಎಷ್ಟೋ ವೈರಸ್ಸು ಅವಕ್ಕೆ ಏನೂ ಮಾಡಲ್ಲ. ಅದು ಹೇಗೆ ಅಂತ ನಿಮ್ಮ ಅಧಿಕಾರಿಗೆ ಗೊತ್ತಾ? ನಿಮಗೆ ಗೊತ್ತಾ? ನನಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ಅಲ್ವಾ ಹಿಕ್ಕೆ ಬಾಚ್ತಾ ಕೂತಿರೋದು!"

ಆಮೇಲೆ ಕೂರಿಸಿಕೊಂಡು ವಿವರಿಸಿದಳು. ವೈರಸ್ ಒಳಹೊಕ್ಕಾಗ ನಮ್ಮ ಮೈ ಎಷ್ಟೋ ಸಲ ತಡವಾಗಿ ಎಚ್ಚರಗೊಂಡು, ಆಮೇಲೆ ವಿಪರೀತ ರಂಪ ಮಾಡುತ್ತದಂತೆ. ಆ ರಂಪಕ್ಕೆ ನಮ್ಮದೇ ಶ್ವಾಸಕೋಶ ಊದಿಕೊಳ್ಳುತ್ತದೆ. ಕೆಲವು ಜಾತಿಯ ಬಾವಲಿಗಳಲ್ಲಿ ಕಾವಲು ಸದಾ ಜಾಗೃತ, ಆದರೆ ಕೂಗಾಟವಿಲ್ಲ. ವೈರಸ್ಸನ್ನು ಹದ್ದುಬಸ್ತಿನಲ್ಲಿ ಇಡುತ್ತವೆ, ಮನೆ ಸುಟ್ಟುಕೊಳ್ಳುವುದಿಲ್ಲ. ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ನಾಟಕ ಕಂಪನಿಯಲ್ಲಿ ಒಬ್ಬ ಸೇನಾಪತಿ ಪಾತ್ರಧಾರಿಯಿದ್ದ. ಒಮ್ಮೆ ಆವೇಶ ಬಂದು ಅವನು ಬೀಸಿದ ಗದೆಗೆ ಅರಮನೆಯ ಪರದೆ, ಕಂಬ, ದೀಪ ಎಲ್ಲ ಉರುಳಿದವು. ಶತ್ರುವಿಗೆ ಒಂದು ಗೀರೂ ಇಲ್ಲ. ನಮ್ಮ ಹಾರ್ಮೋನಿಯಂ ಮೇಷ್ಟ್ರಿಗೆ ಆರು ಹೊಲಿಗೆ!

ನಗು ಬಂತಲ್ಲವೇ? ನನಗೂ ಬಂತು, ಅರ್ಧಕ್ಕೇ ನಿಂತಿತು. ಹೋದ ವರ್ಷ ವೈರಸ್ ಜ್ವರ ಬಂದು ನಾನು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಪಕ್ಕದ ಹಾಸಿಗೆಯಲ್ಲಿ ನಮ್ಮ ಕಂಪನಿಯ ದರ್ಜಿ, ನನ್ನ ರಾಜಪೋಷಾಕುಗಳನ್ನೆಲ್ಲ ಹೊಲಿದವನು. "ಹೊಟ್ಟೆ ಕರಗಿದೆಯಲ್ಲೋ ಮಹಾರಾಜ, ನಡುಪಟ್ಟಿ ಎರಡಿಂಚು ಹಿಡಿಸಬೇಕು" ಎಂದು ಆಮ್ಲಜನಕದ ಕೊಳವೆಯ ಸಂದಿನಿಂದ ನನ್ನನ್ನೇ ಅಣಕಿಸುತ್ತಿದ್ದ. ಏಳನೆಯ ದಿನ ಡಾಕ್ಟರು ಅವನ ಹೆಂಡತಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ವೈರಸ್ಸಿನ ಜೋರು ಇಳಿದಿದೆಯಮ್ಮಾ. ಈಗ ಅವರ ಮೈಯೇ ಅವರ ಮಾತು ಕೇಳ್ತಿಲ್ಲ." ನಾನು ನಡೆದು ಮನೆಗೆ ಬಂದೆ. ಅವನು ಬರಲಿಲ್ಲ. ಮೈಗೆ ಸಮಾಧಾನ ಹೇಳುವ ಉಪಾಯ ಹೆಬ್ಬೆರಳಿನಷ್ಟು ಪ್ರಾಣಿಯೊಂದಕ್ಕೆ ಗೊತ್ತಿದ್ದರೆ, ಅದನ್ನು ಹೊಗೆ ಹಾಕಿ ಓಡಿಸುವುದೋ, ಕೈಕಟ್ಟಿ ಕೂತು ಕಲಿಯುವುದೋ? ತಾವೇ ಹೇಳಿ.

ಅವುಗಳನ್ನು ಅಪ್ಪಿಕೊಳ್ಳಿ ಎನ್ನುತ್ತಿಲ್ಲ. ಬರಿಗೈಯಲ್ಲಿ ಮುಟ್ಟಬಾರದು, ಹಿಕ್ಕೆಯ ಧೂಳು ಉಸಿರಿಗೆ ಹೋಗಬಾರದು, ಸರಿಯೇ. ಆದರೆ ಹೊಗೆ ಹಾಕಿದರೆ ಆಗುವುದೇನು? ಹೆದರಿ ಬಳಲಿದ ಬಾವಲಿ ಹೆಚ್ಚು ವೈರಸ್ ಹೊರಹಾಕಬಹುದು ಎನ್ನುತ್ತಾಳೆ ನನ್ನ ತಂಗಿಯ ಮಗಳು. ನಾನೂರೂ ಚೆದುರಿ ಎಲ್ಲಿಗೆ ಹೋಗುತ್ತವೆ? ಪಕ್ಕದ ಶಾಲೆಯ ಸೂರಿಗೆ, ಎದುರಿನ ಬೇಕರಿಯ ಚಾವಣಿಗೆ. ಮೇಲಾಗಿ ಇದು ಮರಿಗಳ ಕಾಲ. ಇನ್ನು ಐದು ವಾರ ಹಾರಲಾರವು. ಹೊಗೆಗೆ ಅಟ್ಟದ ನೆಲಕ್ಕೆ ಉದುರುತ್ತವೆ. ಒಂದೇ ಜಾಗದಲ್ಲಿದ್ದ ರೋಗವನ್ನು ಬೀದಿಬೀದಿಗೆ ಹಂಚುವುದಕ್ಕೆ ತಮ್ಮ ಇಲಾಖೆಯಲ್ಲಿ ಆರೋಗ್ಯ ರಕ್ಷಣೆ ಎನ್ನುತ್ತಾರೆಯೇ?

ಆದ್ದರಿಂದ ನನ್ನ ಬೇಡಿಕೆ. ಆ ದೂರನ್ನು ಈ ಮೂಲಕ ಬಹಿರಂಗವಾಗಿ ಹಿಂದಕ್ಕೆ ಪಡೆಯುತ್ತಿದ್ದೇನೆ. ತಾವು ಆದೇಶವನ್ನು ಹಿಂದಕ್ಕೆ ಪಡೆಯಿರಿ. ರಂಗದ ಮೇಲಿನ ಚಾವಣಿಯ ಸಂದುಗಳಿಗೆ ಹಲಗೆ ಹೊಡೆಸಿ, ಬಾವಲಿಗಳು ಹೊರಗೆ ಹಾರುವ ಕಿಂಡಿ ಹಾಗೇ ಇರಲಿ. ಪಶುವೈದ್ಯೆಯ ಕೆಲಸ ಮುಗಿಯುವವರೆಗೆ ಅಟ್ಟಕ್ಕೆ ಅವಳ ಹೊರತು ಯಾರೂ ಹತ್ತದಂತೆ ಅಪ್ಪಣೆ ಕೊಡಿ.

ಅಟ್ಟಕ್ಕೆ ಇರುವುದು ಒಂದೇ ಬೀಗದ ಕೈ, ಅದು ನನ್ನ ಜೇಬಿನಲ್ಲಿದೆ. ಕಳೆದುಹೋಯಿತೆಂದು ಅತ್ತು ಕರೆದು ತಮ್ಮನ್ನು ನಂಬಿಸಬಲ್ಲೆ, ಅದನ್ನು ಮಾಡುವುದಿಲ್ಲ. ಶನಿವಾರ ಹತ್ತಕ್ಕೆ ಏಣಿಯ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ತಾವು ಮುಖಗವಸು ತೊಟ್ಟು ಒಬ್ಬರೇ ಬಂದರೆ ಬಾಗಿಲು ತೆಗೆದು, ತಾಯಿಯ ಎದೆಗೆ ಕಚ್ಚಿಕೊಂಡ ಮರಿಗಳನ್ನು ತೋರಿಸುತ್ತೇನೆ. ಹೊಗೆಯಂತ್ರ ತಂದರೆ ನನ್ನನ್ನು ಕೆಲಸದಿಂದ ತೆಗೆಯುವ ಆದೇಶವನ್ನೂ ಜೊತೆಗೇ ತನ್ನಿ. ಆದರೆ ಅದನ್ನು ದಯವಿಟ್ಟು ತಾವೇ ಬರೆಯಿರಿ.

ಇಂತಿ,
ತನ್ನ ಸಂಭಾಷಣೆಯನ್ನು ಒಬ್ಬರು ನಿಜವೆಂದು ನಂಬಿದ್ದಕ್ಕೆ ಮೊದಲ ಬಾರಿ ನಾಚಿರುವ,
ನಾಟಕಶಾಲೆಯ ಮೇಲ್ವಿಚಾರಕ