ಪಾಚಿ ಕಟ್ಟದ ಕೆರೆ

ಕೊಳಚೆ ನೀರು ಶುದ್ಧೀಕರಣ ಘಟಕದ ಉಸ್ತುವಾರಿ ಅಧಿಕಾರಿಗಳೇ,

ನೀವು ಶುದ್ಧೀಕರಿಸಿ ಬಿಟ್ಟ ನೀರು ನಮ್ಮ ಕೆರೆಯ ಪಾಚಿಯನ್ನು ಕೊಂದಿದೆ. ಇದನ್ನು ಮೂರು ತಿಂಗಳ ಹಿಂದೆಯೇ ಬರೆಯಬೇಕಿತ್ತು. ಆಗ ನಾನು ನಿಮಗೆ ಬರೆದದ್ದು ಕೃತಜ್ಞತಾ ಪತ್ರ.

ನೊಣವಿನಕೆರೆ ಕಡೆಯ ನಮ್ಮೂರಿನಲ್ಲಿ ಬೇಸಿಗೆ ಬಂತೆಂದರೆ ಕೆರೆಯ ಪಾಚಿಯನ್ನು ಉದ್ದನೆಯ ಕೋಲಿನಿಂದ ಎಳೆದು, ದಡದಲ್ಲಿ ನೀರು ಬಸಿದು, ತೆಂಗಿನ ಪಾತಿಗೆ ಗೊಬ್ಬರವಾಗಿ ಹಾಕುತ್ತೇವೆ. ಕಳೆದ ವರ್ಷ ಕೆರೆ ತುಂಬಿಸಲೆಂದು ನಿಮ್ಮ ಘಟಕದ ಪೈಪು ಬಂದಾಗ ಹಿರಿಯರಾದ ಚಿಕ್ಕಹನುಮಯ್ಯನವರು ಅಡ್ಡ ನಿಂತರು. ಅರಳಿಕಟ್ಟೆಯಲ್ಲಿ ಆ ನೀರಿನ ಬಗ್ಗೆ ನೀವು ಕಳಿಸಿದ್ದ ಪತ್ರವನ್ನು ಊರಿಗೆ ಓದಿ ಹೇಳಿದವನು ನಾನು. "ಸಂಪೂರ್ಣ ಸುರಕ್ಷಿತ" ಎಂಬ ಎರಡು ಪದಗಳನ್ನು ಎರಡು ಸಲ ಓದಿದೆ. "ಓದ್ದೋನು ನೀನು. ಸರಿ ಬುಡು ರಂಗರಾಜು" ಎಂದು ಅವರು ಪಕ್ಕಕ್ಕೆ ಸರಿದರು.

ಈ ಬೇಸಿಗೆಯಲ್ಲಿ ಕೆರೆ ತುಂಬಿತ್ತು, ಪಾಚಿ ಇರಲಿಲ್ಲ. ಸೋಪಾನದ ಕೊನೆಯ ಕಲ್ಲೂ ಕಾಣುವಷ್ಟು ತಿಳಿನೀರು. ತಿಳಿಯಾದದ್ದೆಲ್ಲ ಶುದ್ಧ ಎಂದುಕೊಂಡದ್ದು ನಮ್ಮ ತಪ್ಪು. ನಿಮಗೆ ಆ ಕೃತಜ್ಞತಾ ಪತ್ರ ಬರೆದದ್ದು ಅದಕ್ಕೇ. ನಮ್ಮೂರಿನ ಮಂಜಮ್ಮ ಮಾತ್ರ ನೀರಿಗೆ ತಂದ ಎಮ್ಮೆಯನ್ನು ದಡದಿಂದಲೇ ತಿರುಗಿಸಿಕೊಂಡು, "ಪಾಚಿನೇ ಬದುಕ್ದಿರೋ ನೀರು ನನ್ನೆಮ್ಮೆಗ್ಯಾಕಪ್ಪ? ಬೇಕಾದ್ರೆ ನೀನೇ ಕುಡಿ" ಎಂದರು. ನಾವು ನಕ್ಕೆವು. ತಿಂಗಳೊಳಗೆ ಪಾಚಿ ತಿನ್ನುವ ಮೀನುಮರಿಗಳು ಸತ್ತು ತೇಲಿದವು.

ಸೋಪು, ಔಷಧಿ, ಕ್ರಿಮಿನಾಶಕಗಳ ಅಂಶ ಶುದ್ಧೀಕರಣದ ನಂತರವೂ ಉಳಿದು ಪಾಚಿಯನ್ನು ಕೊಲ್ಲಬಲ್ಲದೆಂಬ ಅಧ್ಯಯನವೊಂದನ್ನು ಲಗತ್ತಿಸಿ ನಿಮಗೆ ಅರ್ಜಿ ಬರೆದೆ. ನಿಮ್ಮ ಉತ್ತರ: "ಸದರಿ ಅಧ್ಯಯನವು ಕಡಲ ಪಾಚಿಗೆ ಸಂಬಂಧಿಸಿದ್ದು, ತಮ್ಮ ತಾಲ್ಲೂಕಿನಲ್ಲಿ ಕಡಲು ಇರುವುದಿಲ್ಲವಾದ ಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ."

ನಿಮ್ಮ ಭೂಗೋಳ ಸರಿಯಾಗಿದೆ, ಮಾನ್ಯರೇ. ನಮ್ಮಲ್ಲಿ ಕಡಲಿಲ್ಲ. ಆದರೆ ಅಷ್ಟು ದೊಡ್ಡ ಕಡಲಿನಲ್ಲಿ ಬೆರೆತ ಮೇಲೂ ಪಾಚಿಗೆ ಕೇಡು ಮಾಡುವ ವಿಷ ನಮ್ಮ ಹನ್ನೊಂದು ಎಕರೆಯ ಕೆರೆಗೆ ಕರುಣೆ ತೋರುತ್ತದೆಯೇ? ನಮ್ಮ ಕೋಡಿಯ ನೀರು ಶಿಂಷೆಗೆ, ಕಾವೇರಿಗೆ, ಕೊನೆಗೆ ಎಲ್ಲಿಗೆ ಸೇರುತ್ತದೆಂಬುದು ನಿಮ್ಮ ಕಚೇರಿಯ ನಕ್ಷೆಯಲ್ಲಿಲ್ಲವೇ?

ಪರೀಕ್ಷಿಸಿಯೂ ನಿಮಗೆ ತಿಳಿಯಲಿಲ್ಲವೆಂದಿದ್ದರೆ ಕ್ಷಮಿಸಬಹುದಿತ್ತು. ಆದರೆ ಈ ರಾಸಾಯನಿಕಗಳಿಗಾಗಿ ನೀರನ್ನು ಎಂದೂ ಪರೀಕ್ಷಿಸಿಲ್ಲವೆಂದು ಅದೇ ಉತ್ತರದ ಎರಡನೇ ಪುಟದಲ್ಲಿ ಒಪ್ಪಿದ್ದೀರಿ. ಹಾಗಿದ್ದರೆ ಆ ಎರಡು ಪದಗಳನ್ನು ನನ್ನ ಬಾಯಿಂದ ಹೇಳಿಸಿದ್ದೇಕೆ?

ಚಿಕ್ಕಹನುಮಯ್ಯನವರು ನನ್ನನ್ನು ಬೈಯಲಿಲ್ಲ. ಈಗ ಯಾವ ಕಾಗದ ಬಂದರೂ ಬೇರೆಯವರ ಹತ್ತಿರ ಓದಿಸಿಕೊಳ್ಳುತ್ತಾರೆ, ಅಷ್ಟೇ.

ಪೈಪನ್ನು ಇಂದೇ ಮುಚ್ಚಿಸಿ. ನೀರನ್ನು ಪರೀಕ್ಷಿಸಿ. ಫಲಿತಾಂಶ ಏನೇ ಬರಲಿ, ಅಂಚೆಯಲ್ಲಿ ಕಳಿಸಬೇಡಿ. ಅರಳಿಕಟ್ಟೆಗೆ ನೀವೇ ಬಂದು ಊರಿಗೆ ಓದಿ ಹೇಳಿ. ನಾನು ಓದುವುದಿಲ್ಲ.

ಇಂತಿ,
ನಿಮ್ಮ ಎರಡು ಪದಗಳನ್ನು ಎರಡು ಸಲ ಓದಿದ
ರಂಗರಾಜು