ನೀಲಗಂಗೆ ಬರೆದ ವಾಕ್ಯ

ಶೇಖವ್ವಾ,

ನಿನ್ನ ಮಗಳ ಲಗ್ನಕ್ಕೆ ಶುಭಾಶಯವನ್ನಷ್ಟೇ ಬರೆದು, ಇವತ್ತು ಶಾಲೆಯಲ್ಲಿ ನಡೆದದ್ದನ್ನು ಹೇಳದೆ ಬಿಡುವವಳಿದ್ದೆ.

ಬೆಳಗ್ಗೆ ಇಂಗ್ಲಿಷ್ ತಾಸಿನಲ್ಲಿ ‘ಗಿವ್ ಅಪ್’ ಬಳಸಿ ಒಂದು ವಾಕ್ಯ ಬರೆಯಲು ಹೇಳಿದ್ದೆ. ಗದಗಿನ ನಿನ್ನ ತವರಿನಲ್ಲಿದ್ದು ಓದುವ ನಿನ್ನ ಮಗಳು ನೀಲಗಂಗೆ ‘ಐ ವಿಲ್ ನಾಟ್ ಗಿವ್ ಅಪ್ ಸ್ಕೂಲ್’, ನಾನು ಶಾಲೆ ಬಿಡುವುದಿಲ್ಲ, ಎಂದು ತಪ್ಪಿಲ್ಲದೆ ಬರೆದಳು. ಅದನ್ನು ಮೆಚ್ಚಿ ಎಲ್ಲರಿಗೂ ಓದಿ ಹೇಳಿದೆ. ನಾವಿಬ್ಬರೂ ಕಲಿಯುವಾಗ ನಿನ್ನ ವಾಕ್ಯಗಳನ್ನೂ ಹೀಗೆಯೇ ಓದಿಸುತ್ತಿದ್ದರು.

ಮಧ್ಯಾಹ್ನ ಮುಂಡರಗಿಯಿಂದ ನಿನ್ನ ಅತ್ತೆ ಶಾಲೆಗೆ ಬಂದರು. ಈ ತಿಂಗಳ ಒಂದಕ್ಕೆ, ಕರ್ನಾಟಕ ಏಕೀಕರಣಕ್ಕೆ ಕಟ್ಟಿದ ತೋರಣ ಬಾಗಿಲಲ್ಲಿ ಇನ್ನೂ ಇತ್ತು. ನಿಮ್ಮ ಮನೆಯಲ್ಲಿ ಹುಡುಗಿಯ ಶಾಲೆ ಬಿಡಿಸುವಾಗ ಕಲಿಸಿದವಳಿಗೆ ಉಡಿ ತುಂಬುತ್ತೀರಲ್ಲ, ಅದಕ್ಕೆ ಖಣ, ಕೊಬ್ಬರಿ, ಅಕ್ಕಿ ತಂದಿದ್ದರು.

“ಉಡಿ ಹಿಡೀರಿ ಬಾಯಾರ. ಹುಡುಗಿ ಕಲಿತಿದ್ದು ಸಾಕಾತು.”

“ಪರೀಕ್ಷಾ ಮುಗಿಯೂತನಕ ಇರಲಿ ಬಿಡ್ರಿ.”

“ಯಾಕ್ರಿ, ಇಂಗ್ಲೀಷಿನಾಗ ಅತ್ತಿ ಮಾವಗ ಬೈಯಾಕೇನ್ರಿ?” ಎಂದು ನಕ್ಕರು.

ಉಡಿ ಬೇಡವೆಂದರೆ ಹುಡುಗಿಗೆ ಅಪಶಕುನ ಎನ್ನುತ್ತಾರೆ. ನಾನು ಸೆರಗೊಡ್ಡಿದೆ. ಪಕ್ಕದಲ್ಲಿ ನಿಂತಿದ್ದ ನೀಲಗಂಗೆ ನನ್ನ ಕೈಗಳನ್ನೇ ನೋಡುತ್ತಿದ್ದಳು. ಇನ್ನೊಂದು ಮಾತು ಆಡಿದ್ದರೆ ಈ ಲಗ್ನ ನಿಲ್ಲುತ್ತಿತ್ತೇ? ನಿಶ್ಚಯಿಸುವ ಮೊದಲು ನಿನ್ನನ್ನು ಯಾರಾದರೂ ಕೇಳಿದರೇ?

ಲಗ್ನ ಇದೇ ಹದಿನೆಂಟಕ್ಕಂತೆ. ಈ ಪತ್ರವನ್ನು ನಾನು ಟಪಾಲಿಗೆ ಹಾಕುವುದು ಅದರ ಮರುದಿನ, ೧೯ ನವೆಂಬರ್ ೧೯೫೬ರಂದು.