ಫೋನ್ ಎತ್ತದ ದಾನಿ

ಮಾರ್ಚ್ ೧೪, ಗುರುವಾರ

ಇವತ್ತೂ ಆ ದಾನಿ ದಾನಿಗಳ ಕೇಂದ್ರದವರ ಫೋನ್ ಎತ್ತಲಿಲ್ಲವಂತೆ. ತಂಗಿಯ ಅಪರೂಪದ ರಕ್ತದ ಕ್ಯಾನ್ಸರಿಗೆ ಬೇರೆಯವರ ಸ್ಟೆಮ್ ಸೆಲ್ ಒಂದೇ ದಾರಿ. ನನ್ನದು ಹೊಂದಲಿಲ್ಲ, ದಾನಿಗಳ ಇಡೀ ಪಟ್ಟಿಯಲ್ಲಿ ಹೊಂದಿದ್ದು ಒಬ್ಬರದೇ. ಮೂರು ವಾರ ದಾಟಿದರೆ ಕಷ್ಟ ಎಂದಿದ್ದಾರೆ ಡಾಕ್ಟರು.

"ಮನಸ್ಸಿಲ್ಲದವರು ಹೆಸರು ಯಾಕೆ ಬರೆಸಬೇಕು? ಪತ್ರಿಕೆಗೆ ಬರೀತೀನಿ," ಎಂದು ವಾರ್ಡಿನಲ್ಲೇ ರೇಗಿದೆ.

"ನೀನು ಬರೆದ್ರೆ ಅವರು ನಂಬರೇ ಬದಲಾಯಿಸ್ತಾರೆ. ಸುಮ್ನಿರಣ್ಣ," ಎಂದು ತಂಗಿ ನಕ್ಕಳು.

ಮನೆಗೆ ಬಂದು ಬರೆಯಲು ಕೂತೆ. ಎರಡನೇ ಸಾಲಿಗೆ ನೆನಪಾಯಿತು. ಹನ್ನೊಂದು ವರ್ಷದ ಹಿಂದೆ ಕಾಲೇಜಿನ ಶಿಬಿರದಲ್ಲಿ ನಾನೂ ಇದೇ ದಾನಿಗಳ ಪಟ್ಟಿಗೆ ಹೆಸರು ಬರೆಸಿದ್ದೆ. ಆಮೇಲೊಂದು ದಿನ ಫೋನ್ ಬಂತು: ನಿಮ್ಮದು ಒಬ್ಬ ರೋಗಿಗೆ ಹೊಂದುತ್ತದೆ, ಬರುತ್ತೀರಾ? ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮುಂದಿನ ತಿಂಗಳು ನೋಡೋಣ ಅಂದೆ. ಅವರು ಮತ್ತೆ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಊರವರ ತಪ್ಪನ್ನೆಲ್ಲ ತಾರೀಖಿನ ಸಮೇತ ನೆನಪಿಡುವ ನಾನು ಇದನ್ನು ಎಲ್ಲಿ ಬಚ್ಚಿಟ್ಟಿದ್ದೆ?

ಆ ರೋಗಿಗೂ ಒಬ್ಬ ಅಣ್ಣ ಇದ್ದಿರಬಹುದು. ಅವನು ನನ್ನ ಬಗ್ಗೆ ಏನೆಂದು ಪತ್ರಿಕೆಗೆ ಬರೆಯಲು ಕೂತಿದ್ದನೋ.